ಮೆಟ್ಟಿಲ ಮೇಲೆ ನಿಂತು ಕೊಟ್ಟ ಉತ್ತರಗಳು

ಒಂದು ಕೌಂಟರಿನಲ್ಲಿ ಹೆಸರು ಹೇಳಿ, ವಿಳಾಸ ಹೇಳಿ, ಫೋನ್ ನಂಬರು ಬರೆಸಿ, ಉಸ್ಸಪ್ಪಾ ಎಂದು ಪಕ್ಕದ ಕೌಂಟರಿಗೆ ಹೋದರೆ ಅಲ್ಲಿಯೂ ಅದೇ ರಾಗ. "ಹೆಸರು?" ಈಗ ತಾನೆ ಹೇಳಿದೆನಲ್ಲ ಎಂದರೆ, "ಅದು ಅಲ್ಲಿಗೆ, ಇದು ಇಲ್ಲಿಗೆ" ಎಂಬ ಉತ್ತರ. ಎರಡು ಕೌಂಟರಿನ ನಡುವೆ ಒಂದು ಮೊಳ ಜಾಗವೂ ಇರುವುದಿಲ್ಲ. ನಾವು ಗೊಣಗುತ್ತ ಮತ್ತೆ ಮೊದಲಿನಿಂದ ಒಪ್ಪಿಸುತ್ತೇವೆ. ಏನು ಮಹಾ, ಎರಡು ನಿಮಿಷದ ಮಾತು ಎಂದು ಸುಮ್ಮನಾಗುತ್ತೇವೆ. ಆ ಎರಡು ನಿಮಿಷ ಕಳೆದುಕೊಂಡವರಿಗೆ ಅದು ಮತ್ತೆ ಸಿಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಫೋನಕ್ಕನೂ ಕೇಳಿರಲಿಲ್ಲ.

ಫೋನಕ್ಕ ದೊಡ್ಡಾಸ್ಪತ್ರೆಯ ಹಿಂದಿನ ಬೀದಿಯ ಬಾಡಿಗೆ ಅಂಗಡಿಯವಳು. ಸಭೆ ಸಮಾರಂಭಕ್ಕೆ ಕುರ್ಚಿ ಕೊಡುವ ಅಂಗಡಿ ಅಲ್ಲ ಅದು. ತಲೆಯ ಕಡೆ ಎತ್ತಿ ಇಳಿಸುವ ಮಂಚ, ವೀಲ್‌ಚೇರ್, ಊರುಗೋಲು, ಉಸಿರು ಸಾಲದವರಿಗೆ ಆಕ್ಸಿಜನ್ ಮಷೀನ್, ಇಂಥವನ್ನು ಕಾಯಿಲೆ ಇರುವ ಮನೆಗಳಿಗೆ ತಲುಪಿಸುವ ಅಂಗಡಿ. ಮುಂದೆ ಒಂದು ಮೇಜು, ಮೇಜಿನ ಮೇಲೆ ಫೋನು. ಹಿಂದೆ ಗೋಡೆಗೆ ಒರಗಿಸಿದ ಮಂಚಗಳು, ಬಿಚ್ಚಿಟ್ಟ ಚಕ್ರಗಳು, ನೆಲ ಒರೆಸಿದ ಔಷಧಿ ನೀರಿನ ವಾಸನೆ. ಗಂಡ ಹಿಂದೆ ಕೂತು ರಿಪೇರಿ ನೋಡಿಕೊಳ್ಳುತ್ತಿದ್ದ. ಮೈದುನ ವ್ಯಾನ್ ಓಡಿಸುತ್ತಿದ್ದ. ಫೋನು ಅವಳದು. ಬೀದಿಯವರು ಅವಳಿಗೆ ಫೋನಕ್ಕ ಎಂದು ಹೆಸರಿಟ್ಟಿದ್ದರೂ ಅವಳಿಗೆ ಬೇಜಾರಿರಲಿಲ್ಲ. ದನಿ ಸಕ್ಕರೆಯಂಥದ್ದು, ತಾಳ್ಮೆ ಭೂಮಿತೂಕದ್ದು, ಇನ್ನೇನು ಬೇಕು ಎಂದು ಗಂಡನೂ ಹೆಮ್ಮೆಪಡುತ್ತಿದ್ದ.

ಆದರೆ ಆ ಅಂಗಡಿಯಲ್ಲಿ ಒಂದು ನಿಯಮ ಇತ್ತು. ಯಾರೇ ಫೋನ್ ಮಾಡಲಿ, ಹೊಸ ಗಿರಾಕಿಯಾಗಲಿ, ಹಳೆಯ ಗಿರಾಕಿಯಾಗಲಿ, ಎಲ್ಲವನ್ನೂ ಮೊದಲಿನಿಂದ ಕೇಳಿ ಹೊಸ ಚೀಟಿ ತುಂಬಬೇಕು. ಚೀಟಿ ತುಂಬಿ ಮೈದುನನ ಕೈಗೆ ಬಂದ ಮೇಲೇ ವ್ಯಾನ್ ಹೊರಡಬೇಕು. ಇದು ಗಂಡ ಮಾಡಿದ ನಿಯಮ. ಹಿಂದೆ ಒಮ್ಮೆ ಹಳೆಯ ಚೀಟಿ ನೋಡಿ ಒಂದು ಮಂಚ ಕಳಿಸಿದ್ದರು. ಆ ಮನೆಯವರು ಅಷ್ಟರಲ್ಲಿ ಬೇರೆ ಮನೆಗೆ ಹೋಗಿದ್ದರು. ಅರ್ಧ ದಿನ ಮಂಚ ಹೊತ್ತುಕೊಂಡು ಊರೆಲ್ಲ ಸುತ್ತಿ, ಆ ಮನೆಯವರಿಂದ ಬೈಸಿಕೊಂಡು ಬಂದ ಗಂಡ ಅವತ್ತೇ ಹೇಳಿಬಿಟ್ಟ. "ಇನ್ಮೇಲೆ ಹಳೇದನ್ನ ನಂಬೋ ಹಾಗಿಲ್ಲ. ಪ್ರತಿ ಸಲ ಹೊಸದಾಗಿ ಕೇಳು. ಕೇಳಿದ್ರೆ ನಮ್ಮ ಗಂಟೇನು ಹೋಗುತ್ತೆ?"

ಅಂದಿನಿಂದ ಫೋನಕ್ಕನ ಪ್ರಶ್ನೆಗಳು ಶುರುವಾದವು. ಪೇಷೆಂಟ್ ಹೆಸರು, ವಯಸ್ಸು, ಕಾಯಿಲೆ, ನಿಮಗೆ ಏನಾಗಬೇಕು, ಮನೆ ಎಲ್ಲಿ, ಯಾವ ಮಹಡಿ, ಹತ್ತಿರದ ಗುರುತು ಏನು, ಇನ್ನೊಂದು ಫೋನ್ ನಂಬರು ಇದೆಯಾ, ಮಷೀನಿನ ತಳದಲ್ಲಿ ಬರೆದಿರುವ ನಂಬರು ಎಷ್ಟು, ನಮ್ಮ ಅಂಗಡಿ ನಂಬರು ನಿಮಗೆ ಯಾರು ಕೊಟ್ಟರು. ಕೊನೆಯದು ವ್ಯಾಪಾರ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಗಂಡನೇ ಸೇರಿಸಿದ ಪ್ರಶ್ನೆ. ಅವಳಿಗೆ ಇದೆಲ್ಲ ಗಿಣಿಪಾಠದ ಹಾಗೆ ಬಾಯಿಗೆ ಬರುತ್ತಿತ್ತು. ತುಂಬಿದ ಚೀಟಿಗಳು ಕೆಲಸ ಮುಗಿದ ಮೇಲೆ ಮೇಜಿನ ಡ್ರಾಯರಿಗೆ ಬೀಳುತ್ತಿದ್ದವು. ಡ್ರಾಯರ್ ತುಂಬಿದರೆ ಒಂದು ರಟ್ಟಿನ ಡಬ್ಬಕ್ಕೆ ಹೋಗುತ್ತಿದ್ದವು. ಅವನ್ನು ಮತ್ತೆ ತೆಗೆದು ನೋಡಿದವರು ಯಾರೂ ಇಲ್ಲ.

ತಿಂಗಳಿಗೊಂದು ಸಲ ಹಳೆಯ ಗಿರಾಕಿಗಳಿಗೆ ಫೋನ್ ಮಾಡಿ ವಿಚಾರಿಸುವುದೂ ಅವಳ ಕೆಲಸವೇ. ಫೋನಿನಲ್ಲಿ ಬರೀ ನಂಬರುಗಳಿದ್ದವು, ಹೆಸರುಗಳಿರಲಿಲ್ಲ. ನಂಬರು ಒತ್ತುವುದು, ಯಾರು ಎಂದು ಕೇಳುವುದು, ಮತ್ತೆ ಅದೇ ಚೀಟಿ. ಹಾಗೆ ಒಂದು ಬೆಳಿಗ್ಗೆ ಒಂದು ನಂಬರು ಒತ್ತಿದಳು.

"ನಮಸ್ಕಾರ, ಆಸ್ಪತ್ರೆ ಹಿಂದಿನ ಬಾಡಿಗೆ ಅಂಗಡಿಯಿಂದ ಮಾತಾಡ್ತಿರೋದು. ಯಾರು ಮಾತಾಡ್ತಿದ್ದೀರಿ?"

"ನಾನಮ್ಮ, ಪೇಂಟರು. ಬೋರ್ಡ್ ಬರೆಯೋನು." ವಯಸ್ಸಾದ ದನಿ.

"ಪೇಷೆಂಟ್ ನಿಮಗೇನಾಗಬೇಕು?"

"ಹೆಂಡತಿ."

"ವಯಸ್ಸು?"

"ಅರವತ್ತೆಂಟು ತುಂಬಿತ್ತು."

ಅವಳು ಅರವತ್ತೆಂಟು ಎಂದು ಬರೆದಳು. 'ತುಂಬಿತ್ತು' ಎಂದದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

"ಕಾಯಿಲೆ ಏನು?"

"ಶ್ವಾಸಕೋಶದ್ದಮ್ಮ."

"ಈಗ ಹೇಗಿದ್ದಾರೆ?"

ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಡಿಯಿತೇನೋ ಎಂದು ಅವಳು ಹಲೋ ಹಲೋ ಎಂದಳು.

"ಇದ್ದೀನಮ್ಮ, ಕೇಳಿಸ್ತಿದೆ," ಎಂದರು ಅವರು. "ಅವಳು ಹೋದ ತಿಂಗಳು ತೀರಿಕೊಂಡಳು. ನಿಮ್ಮ ಮೈದುನರೇ ಬಂದು ಮಷೀನ್ ತಗೊಂಡು ಹೋದ್ರಲ್ಲ. ನನ್ನ ಕೈ ಹಿಡ್ಕೊಂಡು ಅತ್ತರು ಪಾಪ. ನಿಮಗೆ ಹೇಳ್ಲಿಲ್ವಾ?"

"ತಪ್ಪಾಯ್ತು ತಾತ, ಗೊತ್ತಿರಲಿಲ್ಲ," ಎಂದಷ್ಟೇ ಹೇಳಿದಳು ಫೋನಕ್ಕ. "ಇರಲಿ ಬಿಡಮ್ಮ," ಎಂದು ಅವರು ಫೋನ್ ಇಟ್ಟರು. ಕೈಯಲ್ಲಿ ಅರ್ಧ ತುಂಬಿದ ಚೀಟಿ ಹಾಗೇ ಉಳಿಯಿತು.

ಅಂಗಡಿಯಲ್ಲಿ ಆಗ ನರ್ಸಮ್ಮ ಕೂತಿದ್ದರು. ಆಸ್ಪತ್ರೆಯಿಂದ ಬಿಡುಗಡೆಯಾದವರ ಮನೆಗಳಿಗೆ ಹೋಗಿ ಬ್ಯಾಂಡೇಜ್ ಬದಲಿಸುವುದು, ಇಂಜೆಕ್ಷನ್ ಕೊಡುವುದು ಅವರ ಕೆಲಸ. ತಮ್ಮ ರೋಗಿಯೊಬ್ಬರ ವೀಲ್‌ಚೇರಿನ ಬ್ರೇಕ್ ಸರಿಮಾಡಿಸಲು ಬಂದವರು, ಫೋನಿನ ಸ್ಪೀಕರ್ ಹಾಕಿದ್ದರಿಂದ, ಎರಡೂ ಕಡೆಯ ಮಾತು ಕೇಳಿಸಿಕೊಂಡಿದ್ದರು.

"ಪೇಂಟರ್ ತಾತನಾ?" ಎಂದರು. "ಆ ಮನೆಗೆ ನಾನೇ ಹೋಗ್ತಿದ್ದೆ. ಆ ಅಮ್ಮನ ಸ್ಥಿತಿ ಮೊದಲೇ ಕೈಮೀರಿತ್ತು ಅಕ್ಕ. ಆ ವಾರ ದಾಟೋದು ಕಷ್ಟ ಅಂತ ಡಾಕ್ಟರೇ ಹೇಳಿದ್ರು."

ಫೋನಕ್ಕ ಒಳಗೆ ತಿರುಗಿ ಮೈದುನನನ್ನು ಕೂಗಿದಳು. ಅವನು ಹಿಂದೆ ಮಂಚದ ಕಾಲಿಗೆ ಎಣ್ಣೆ ಬಿಡುತ್ತಿದ್ದ.

"ಆ ಅಜ್ಜಿ ಹೋಗಿದ್ದು ನನಗ್ಯಾಕೆ ಹೇಳ್ಲಿಲ್ಲ?"

"ಮಷೀನ್ ವಾಪಸ್ ಬಂತು ಅಂತ ಚೀಟಿ ಮೇಲೆ ಬರೆದು ಡ್ರಾಯರಿಗೆ ಹಾಕಿದ್ದೆ ಅತ್ತಿಗೆ. ಕಾರಣಾನೂ ಬರೆದಿದ್ದೆ." ಅವನು ತಲೆ ತಗ್ಗಿಸಿದ. "ಬಾಯಲ್ಲಿ ಹೇಳೋಕೆ ಆಗ್ಲಿಲ್ಲ."

ಅವನು ಬರೆದಿದ್ದ. ಅದು ಅವಳ ಮಂಡಿಗೆ ತಾಗುತ್ತಿದ್ದ ಡ್ರಾಯರಿನಲ್ಲೇ ಇತ್ತು. ತೆಗೆದು ನೋಡುವ ರೂಢಿ ಮಾತ್ರ ಇರಲಿಲ್ಲ.

ಗಂಡ ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದ. "ಏನಾಯ್ತು ಈಗ? ಗೊತ್ತಿರಲಿಲ್ಲ, ಕೇಳಿದ್ಲು. ಬೇಕು ಅಂತ ಕೇಳಿದ್ದಾ?"

"ಬೇಕು ಅಂತ ಅಲ್ಲ ಅಣ್ಣ," ಎಂದರು ನರ್ಸಮ್ಮ. "ಆದ್ರೆ ಗೊತ್ತಿತ್ತಲ್ಲ. ನಿಮ್ಮ ಅಂಗಡಿಗೆ ಗೊತ್ತಿತ್ತು. ಅವರ ಹೆಸರು, ವಯಸ್ಸು, ಕಾಯಿಲೆ, ಮನೆ, ಕೊನೆಗೆ ಅವರು ಹೋಗಿದ್ದು ಕೂಡ. ಎಲ್ಲ ಇಟ್ಕೊಂಡು ಮತ್ತೆ ಆ ಮನುಷ್ಯನ ಬಾಯಿಂದ್ಲೇ ಹೇಳಿಸಿದ್ರಿ."

"ಹಳೇದನ್ನ ನಂಬಿ ನಾವು ಪಟ್ಟ ಪಾಡು ನಿಮಗೆ ಗೊತ್ತಿಲ್ಲ ಸಿಸ್ಟರ್. ಮಂಚ ಹೊತ್ಕೊಂಡು ಬೀದಿ ಬೀದಿ ಸುತ್ತಿದೀನಿ. ಅದಕ್ಕೇ ಮೊದಲಿಂದ ಕೇಳೋದು."

"ಮನೆ ಬದಲಾಗಿರಬಹುದು, ನಿಜ. ಹೆಸರು ಬದಲಾಗುತ್ತಾ? ಹೆಂಡತಿ ಹೋಗಿ ಅಕ್ಕ ಆಗ್ತಾಳಾ?"

ಮೈದುನನಿಗೆ ನಗು ಬಂತು, ಅಣ್ಣನ ಮುಖ ನೋಡಿ ನುಂಗಿಕೊಂಡ.

"ನಾವೂ ತಪ್ಪು ಮಾಡ್ತಿದ್ವಿ," ಎಂದು ನರ್ಸಮ್ಮ ಮೆತ್ತಗೆ ಮುಂದುವರಿಸಿದರು. "ಒಂದು ದಿನ ನಾನು ಹೋಗೋದು, ಇನ್ನೊಂದು ದಿನ ಬೇರೆಯವರು. ಹೋದವರೆಲ್ಲ ರೋಗಿನ ಕೂರಿಸ್ಕೊಂಡು ಮೊದಲಿಂದ ಕಥೆ ಕೇಳೋರು. ಒಂದು ಹೆಂಗಸು ಅತ್ತುಬಿಟ್ಟಳು. ಅವತ್ತಿಂದ ಮನೆಗೊಂದು ಫೈಲ್ ಮಾಡಿದ್ವಿ. ಬಾಗಿಲು ತಟ್ಟೋಕೆ ಮೊದಲು ಓದ್ತೀವಿ. ಒಳಗೆ ಹೋಗಿ, ನೀವು ಇಂಥವರು, ಈ ಮಾತ್ರೆ ತಗೊಳ್ತಿದ್ದೀರಿ, ಸರಿ ತಾನೆ ಅಂತೀವಿ. ಬದಲಾಗಿದ್ರೆ ಅವರೇ ಹೇಳ್ತಾರೆ. ನೀವೂ ಅಷ್ಟೇ, ಹಳೇದನ್ನ ನೀವೇ ಓದಿ ಹೇಳಿ. 'ಅದೇ ಮನೆ ತಾನೆ?' ಅಂತ ಒಂದು ಮಾತು ಕೇಳಿ. ಮಂಚ ದಾರಿ ತಪ್ಪೋದಿಲ್ಲ."

"ಹೇಳೋಕೆ ಚೆನ್ನಾಗಿರುತ್ತೆ," ಎಂದು ಗಂಡ ಬ್ರೇಕ್ ಸರಿಮಾಡಿದ ವೀಲ್‌ಚೇರನ್ನು ಮುಂದೆ ತಳ್ಳಿದ. "ಫೋನ್ ಬಂದಾಗ ಈ ರಾಶಿಯಲ್ಲಿ ಹುಡುಕ್ತಾ ಕೂರೋರು ಯಾರು? ಕೇಳೋದೇ ಸಲೀಸು."

"ನಿಮಗೆ ಸಲೀಸು ಅಣ್ಣ," ಎಂದು ನರ್ಸಮ್ಮ ಎದ್ದರು.

ಫೋನಕ್ಕನಿಗೂ ಒಳಗೊಳಗೇ ಗಂಡನ ಮಾತೇ ಸರಿ ಎನ್ನಿಸುತ್ತಿತ್ತು. ತಾನೇನು ಒರಟಾಗಿ ಕೇಳಿದೆನೇ? ಎಷ್ಟು ಮೃದುವಾಗಿ ಕೇಳಿದೆ. ಆದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ಸಂಜೆ ಮೈದುನ ಒಂದು ಬಟ್ಟೆಯ ಚೀಲ ತಂದು ಮೇಜಿನ ಮೇಲಿಟ್ಟ. ಆ ಮಷೀನಿನ ಜೊತೆ ಬಂದ ಚೀಲ. ಪೈಪುಗಳ ಕೆಳಗೆ, ಮಡಿಸಿಟ್ಟ ಒಂದು ನೀಲಿ ಉಣ್ಣೆಯ ಸ್ಕಾರ್ಫ್ ಇತ್ತು. ಪೈಪು ಒರಗಿ ಕುತ್ತಿಗೆ ಉಜ್ಜದಿರಲಿ ಎಂದು ಅಜ್ಜಿ ಸುತ್ತಿಕೊಳ್ಳುತ್ತಿದ್ದದ್ದಿರಬೇಕು.

"ನಾಳೆ ನಾನೇ ಕೊಟ್ಟು ಬರ್ತೀನಿ," ಎಂದಳು ಫೋನಕ್ಕ.

"ವಿಳಾಸ ಬೇಕಾ ಅತ್ತಿಗೆ?"

ಅವಳು ಅವನ ಮುಖ ನೋಡಿದಳು. ಅವನು ತಮಾಷೆಗೆ ಕೇಳಿರಲಿಲ್ಲ. ಎಷ್ಟೋ ಸಲ ಬರೆದುಕೊಂಡ ವಿಳಾಸ ಅವಳಿಗೆ ಒಂದಕ್ಷರವೂ ನೆನಪಿರಲಿಲ್ಲ. ಬರೆದ ಕೂಡಲೇ ಮರೆಯುವುದೇ ಅವಳ ಕೆಲಸವಾಗಿತ್ತು.

ಮರುದಿನ ವ್ಯಾನಿನಲ್ಲಿ ಹೋದರು. ಕೆಳಗೆ ಬೀಗ ಹಾಕಿದ ಒಂದು ಮಳಿಗೆ, ಪಕ್ಕದಲ್ಲಿ ಕಡಿದಾದ, ಕಿರಿದಾದ ಮೆಟ್ಟಿಲು, ಮೇಲೆ ಮನೆ. ಮೈದುನ ಕೆಳಗೇ ನಿಂತ. ಫೋನಕ್ಕ ಚೀಲ ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದವರು ತೆಳ್ಳಗಿನ ಮುದುಕರು, ಬೆರಳ ಸಂದಿಯಲ್ಲಿ ಹೋಗದ ಬಣ್ಣ.

"ತಾತ, ನಾನು ಬಾಡಿಗೆ ಅಂಗಡಿ..."

"ಗೊತ್ತಾಯ್ತಮ್ಮ. ನಿಮ್ಮ ದನಿ ನನಗೆ ಗುರುತು," ಎಂದು ಅವರು ಒಳಗೆ ಕರೆದರು.

ಒಂದು ಕೋಣೆ, ಹಿಂದೆ ಅಡುಗೆಯ ಜಾಗ. ಕಿಟಕಿಯ ಪಕ್ಕ ಮಂಚ, ಅದರ ಮೇಲಿನ ಹಾಸಿಗೆ ಸುತ್ತಿಟ್ಟಿತ್ತು. ಮಂಚದ ಬದಿಯಲ್ಲಿ ಮಷೀನ್ ಇದ್ದ ಕಡೆ ನೆಲದ ಮೇಲೆ ಚೌಕಾಕಾರದ ಗುರುತು ಉಳಿದಿತ್ತು. ಸುತ್ತ ಗುಡಿಸಿ ಒರೆಸಿದ್ದರೂ ಆ ಚೌಕ ಹೋಗಿರಲಿಲ್ಲ. ಫೋನಕ್ಕ ಸ್ಕಾರ್ಫ್ ತೆಗೆದು ಕೊಟ್ಟಳು. ತಾತ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಿಚ್ಚದೆ, ಮಡಿಲಲ್ಲಿಟ್ಟುಕೊಂಡು ಕೂತರು.

"ಎಲ್ಲ ಹುಡುಕಿದೆ," ಎಂದರು. "ಅಡುಗೆ ಡಬ್ಬಿಗಳಲ್ಲೂ ಹುಡುಕಿದೆ. ಮುದುಕ ತಲೆ ಕೆಡಿಸ್ಕೊಂಡ ಅಂತ ಪಕ್ಕದ ಮನೆಯಾಕೆ ಬೈದಳು."

"ನಿನ್ನೆ ನಾನು ಹಾಗೆ ಕೇಳಬಾರದಿತ್ತು ತಾತ. ಕ್ಷಮಿಸಿ."

"ನಿನ್ನೆಯದು ಏನಿಲ್ಲಮ್ಮ." ಹೇಳಲೋ ಬೇಡವೋ ಎಂಬಂತೆ ಸ್ಕಾರ್ಫಿನ ಅಂಚು ಸವರಿದರು. "ಅವತ್ತಿಂದು ಮಾತ್ರ ಮನಸ್ಸಿಂದ ಹೋಗ್ತಿಲ್ಲ."

"ಯಾವತ್ತಿಂದು?"

"ಅವಳು ಹೋದ ದಿನ. ಮಧ್ಯಾಹ್ನ ನಿಮ್ಮ ಮಷೀನ್ ಕೂಗಿ ನಿಂತುಹೋಯ್ತು. ನೀವು ಕೊಟ್ಟಿದ್ರಲ್ಲ ಚಿಕ್ಕ ಸಿಲಿಂಡರ್, ಅದನ್ನ ಹಾಕಿದೆ, ಉಸಿರಿಗೆ ತೊಂದರೆ ಆಗ್ಲಿಲ್ಲ. ಅದು ಮುಗಿಯೋದ್ರೊಳಗೆ ಬೇರೆ ಮಷೀನ್ ತರಿಸ್ಕೋಬೇಕಲ್ಲ, ನಿಮಗೆ ಫೋನ್ ಮಾಡ್ದೆ. ಈ ಮನೆಯೊಳಗೆ ಫೋನ್ ಹಿಡಿಯಲ್ಲಮ್ಮ. ಆ ಮೆಟ್ಟಿಲ ಮೇಲೆ ನಿಂತ್ರೆ ಮಾತ್ರ ಕೇಳಿಸುತ್ತೆ."

ಫೋನಕ್ಕ ತೆರೆದ ಬಾಗಿಲಿನಾಚೆ ಮೆಟ್ಟಿಲ ಕಡೆ ನೋಡಿದಳು.

"ನೀವು ಕೇಳ್ತಾ ಹೋದ್ರಿ, ನಾನು ಹೇಳ್ತಾ ಹೋದೆ. ಹೆಸರು ಹೇಳ್ದೆ. ವಯಸ್ಸು ಹೇಳ್ದೆ. ಏನು ಕಾಯಿಲೆ, ಯಾವ ಮಹಡಿ, ಪಕ್ಕದಲ್ಲಿ ಏನಿದೆ, ಎಲ್ಲ ಹೇಳ್ದೆ. ಮಷೀನ್ ತಳದ ನಂಬರು ಅಂದ್ರಿ. ಫೋನನ್ನ ಮೆಟ್ಟಿಲ ಮೇಲಿಟ್ಟು ಒಳಗೆ ಹೋಗಿ, ಬಗ್ಗಿ, ನೋಡ್ಕೊಂಡು ಮತ್ತೆ ಮೆಟ್ಟಿಲ ಕಡೆ ಹೊರಟೆ. ಆಗ ಅವಳು ನನ್ನ ಕಡೆ ಕೈ ನೀಡಿದ್ಲು. ಈಗ ಬಂದೆ ಇರು, ಒಂದು ನಿಮಿಷ ಅಂದೆ. ಅದೇ ನಾನು ಅವಳಿಗೆ ಕೊನೆಗೆ ಹೇಳಿದ ಮಾತು."

ಹೊರಗೆ ಬೀದಿಯಲ್ಲಿ ಯಾವುದೋ ಗಾಡಿ ಹಿಂದೆ ಸರಿಯುವ ಸದ್ದು.

"ಪಕ್ಕದ ಮನೆಯಾಕೆ ಬಂದು ಕೂತಿದ್ಲು ಅವಳ ಹತ್ರ. 'ಇವರೆಲ್ಲಿ, ಇವರೆಲ್ಲಿ' ಅಂತ ನನ್ನವಳು ಕೇಳಿದಳಂತೆ. ನಾನು ಇಲ್ಲೇ, ಬಾಗಿಲ ಆಚೆ. ಒಳಗೆ ಹೋಗಿಬಿಡ್ತಿದ್ದೆನಮ್ಮ, ಆದ್ರೆ ಫೋನ್ ಇಟ್ರೆ ಗಾಡಿ ಹೊರಡಲ್ಲ ಅಂತ ಹೆದರಿಕೆ. ನೀವೇ ಹೇಳಿದ್ರಿ, ಚೀಟಿ ತುಂಬಿದ ಮೇಲೇ ಗಾಡಿ ಅಂತ. ಕೊನೆಗೆ ಕೇಳಿದ್ರಿ, ನಮ್ಮ ಅಂಗಡಿ ನಂಬರು ನಿಮಗೆ ಯಾರು ಕೊಟ್ರು ಅಂತ. ನಾನೇ ಬರೆದಿದ್ದು ಅಂದೆ. ನೀವು ಅದನ್ನ ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. 'ಯಾರು ಕೊಟ್ರು ಹೇಳಿ' ಅಂತ ಮತ್ತೆ ಕೇಳಿದ್ರಿ."

"ನೀವೇ ಬರೆದದ್ದು ಅಂದ್ರೆ?"

"ನಿಮ್ಮ ಅಂಗಡಿ ಬೋರ್ಡು. ಅಂಗಡಿ ಶುರುವಾದಾಗ ನಿಮ್ಮ ಮಾವನವರು ನನ್ನ ಹತ್ರ ಬರೆಸಿದ್ರು. ಆ ನಂಬರು ನನ್ನ ಕೈಯಲ್ಲೇ ಬರೆದದ್ದು." ತಾತ ಸಣ್ಣಗೆ ನಗಲು ನೋಡಿದರು, ಆಗಲಿಲ್ಲ. "ಅದನ್ನೆಲ್ಲ ಹೇಳಿ ಮುಗಿಸಿ ಒಳಗೆ ಬಂದೆ. ಪಕ್ಕದಾಕೆ ಎದ್ದು ನಿಂತಿದ್ಲು. ನೀಡಿದ ಕೈ ಹಾಗೇ ಇತ್ತು."

ಫೋನಕ್ಕನಿಗೆ ಅಳು ತಡೆಯಲಾಗಲಿಲ್ಲ. ಆ ಫೋನು ಅವಳಿಗೆ ನೆನಪೇ ಇರಲಿಲ್ಲ. ಅದೊಂದು ಮಾಮೂಲಿ ಮಧ್ಯಾಹ್ನ, ಮಾಮೂಲಿ ಚೀಟಿ. ಅವಳು ಕೇಳಿದ್ದರಲ್ಲಿ ಒಂದೂ ಅಂಗಡಿಗೆ ಗೊತ್ತಿಲ್ಲದ್ದು ಇರಲಿಲ್ಲ. ಎಲ್ಲವೂ ಅವಳ ಮಂಡಿಯ ಹತ್ತಿರವೇ ಇತ್ತು, ಅವಳದೇ ಅಕ್ಷರದಲ್ಲಿ. ಅಜ್ಜಿಯ ಆಯಸ್ಸು ಅವತ್ತಿಗೇ ಮುಗಿದಿರಬಹುದು, ಅದಕ್ಕೆ ಯಾರೂ ಹೊಣೆಯಲ್ಲ. ಆದರೆ ಆ ಕೈ ಹಿಡಿದುಕೊಳ್ಳುವಷ್ಟು ಹೊತ್ತು ಇತ್ತು, ಅದನ್ನು ತಾನು ತಿಂದೆ ಎಂದು ಅವಳಿಗೆ ಅನ್ನಿಸಿತು.

"ಅಳಬೇಡಮ್ಮ," ಎಂದರು ತಾತ. "ನಿನ್ನನ್ನ ದೂರೋಕೆ ಹೇಳಿದ್ದಲ್ಲ. ಯಾರ ಹತ್ರವಾದ್ರೂ ಹೇಳ್ಬೇಕಿತ್ತು, ನೀನೇ ಬಂದೆ." ಆವರೆಗೆ ನೀವು ಎನ್ನುತ್ತಿದ್ದವರು ನೀನು ಎಂದದ್ದಕ್ಕೆ ಅವಳಿಗೆ ಇನ್ನಷ್ಟು ಅಳು ಬಂತು.

ಅಂಗಡಿಗೆ ವಾಪಸ್ಸಾದವಳು ಮೊದಲು ಬೀದಿಯಲ್ಲಿ ನಿಂತು ತಲೆ ಎತ್ತಿ ಬೋರ್ಡು ನೋಡಿದಳು. ದಿನಾ ಅದರ ಕೆಳಗೇ ಓಡಾಡುತ್ತಿದ್ದರೂ ನೋಡಿರಲಿಲ್ಲ. ದುಂಡಗಿನ ಅಂಕಿಗಳು, ಬಿಸಿಲಿಗೆ ಸ್ವಲ್ಪ ಮಾಸಿದ್ದವು. ಒಳಗೆ ಬಂದು ಡ್ರಾಯರ್ ಎಳೆದು ಮೇಜಿನ ಮೇಲೆ ಸುರಿದಳು. ರಟ್ಟಿನ ಡಬ್ಬವನ್ನೂ ತಂದು ಸುರಿದಳು.

"ಏನಿದು ರಾದ್ಧಾಂತ?" ಎಂದ ಗಂಡ.

ಅವಳು ಉತ್ತರ ಕೊಡದೆ ಚೀಟಿಗಳನ್ನು ಮನೆ ಮನೆಗೆ ಬೇರೆ ಮಾಡತೊಡಗಿದಳು. ಪೇಂಟರ್ ತಾತನ ಮನೆಯದು ಒಂದು ಕಂತೆಯಾಯಿತು. ಒಂದೊಂದರಲ್ಲೂ ಅದೇ ಹೆಸರು, ಅದೇ ಕಾಯಿಲೆ, ಅದೇ ಮೆಟ್ಟಿಲು. ಅದನ್ನು ಗಂಡನ ಮುಂದೆ ಇಟ್ಟಳು. ಆಮೇಲೆ ಮೆಟ್ಟಿಲ ಮೇಲಿನ ಮಾತನ್ನು ಹೇಳಿದಳು. ಎತ್ತರದ ದನಿಯಲ್ಲಿ ಹೇಳಲಿಲ್ಲ, ಜಗಳ ಮಾಡಲಿಲ್ಲ. ನೀಡಿದ ಕೈಯ ಮಾತು ಬಂದಾಗ ಗಂಡ ಒರೆಸುವ ಬಟ್ಟೆಯನ್ನು ಹೆಗಲಿಂದ ತೆಗೆದು ಸುಮ್ಮನೆ ಮಡಿಸತೊಡಗಿದ.

"ನಾನು ಮಾಡಿದ ನಿಯಮ," ಎಂದ ಕೊನೆಗೆ. "ಮಂಚ ದಾರಿ ತಪ್ಪಬಾರದು ಅಂತ ಮಾಡಿದ್ದು."

"ಗೊತ್ತು ರೀ."

"ಆ ಬೋರ್ಡಿನ ನಂಬರು ಅವರು ಬರೆದದ್ದಾ? ಅಪ್ಪ ಇದ್ದಾಗಿನದು?"

"ಹೌದು."

ಅವನು ಸ್ಟೂಲ್ ಎಳೆದುಕೊಂಡು ಮೇಜಿನ ಆಚೆ ಬದಿ ಕೂತ. ಒಂದು ಹಿಡಿ ಚೀಟಿ ತೆಗೆದುಕೊಂಡು, "ಈ ಮನೆಯದು ಎಲ್ಲಿಡ್ಲಿ?" ಎಂದ.

ಆ ವಾರವೆಲ್ಲ ಮೂವರೂ ಬಿಡುವಾದಾಗ ಅದೇ ಕೆಲಸ ಮಾಡಿದರು. ನರ್ಸಮ್ಮನೂ ಬಂದು ತೋರಿಸಿಕೊಟ್ಟರು. ಮನೆಗೊಂದು ಕವರು, ಕವರಿನ ಮೇಲೆ ದಪ್ಪಗೆ ಫೋನ್ ನಂಬರು, ಒಳಗೆ ಒಂದೇ ಹಾಳೆ. ಫೋನಿನಲ್ಲಿ ಬರೀ ನಂಬರಿದ್ದ ಕಡೆ ಹೆಸರು ಸೇರಿಸಿದರು. ಯಾವ ಮಷೀನ್ ಯಾವ ಮನೆಯಲ್ಲಿದೆ ಎಂಬುದನ್ನು ಮೈದುನ ಕೊಟ್ಟು ಬಂದ ದಿನವೇ ಆ ಹಾಳೆಯಲ್ಲಿ ಬರೆಯಬೇಕು, ವಾಪಸ್ ತಂದಾಗಲೂ ಅಲ್ಲೇ ಬರೆಯಬೇಕು. ಯಾರಾದರೂ ತೀರಿಕೊಂಡರೆ ಕವರಿನ ಮೇಲೆಯೇ ಗುರುತು ಹಾಕಬೇಕು, ಆ ಮನೆಗೆ ವಿಚಾರಣೆಯ ಫೋನ್ ಹೋಗಕೂಡದು. ಈ ಕವರು ಅಂಗಡಿಯ ಕೆಲಸಕ್ಕೆ ಮಾತ್ರ, ಇನ್ಯಾರಿಗೂ ತೋರಿಸುವ ಹಾಗಿಲ್ಲ ಎಂದು ನರ್ಸಮ್ಮ ಒತ್ತಿ ಹೇಳಿದರು. ನಂಬರು ಯಾರು ಕೊಟ್ಟರು ಎಂಬ ಪ್ರಶ್ನೆಯನ್ನು ಗಂಡ ತಾನೇ ಹೊಡೆದು ಹಾಕಿದ.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಒಬ್ಬ ಹೆಂಗಸು, ದನಿಯಲ್ಲಿ ನಡುಕ. "ಅಕ್ಕ, ಅಪ್ಪನ ಮಷೀನ್ ನಿಂತೋಯ್ತು. ಚಿಕ್ಕ ಸಿಲಿಂಡರ್ ಹಾಕಿದ್ದೀವಿ. ಹೆಸರು ಬರ್ಕೊಳ್ಳಿ, ವಯಸ್ಸು..."

ಫೋನಿನಲ್ಲಿ ಬಂದ ಹೆಸರು ನೋಡಿ ಫೋನಕ್ಕನ ಕೈ ಆಗಲೇ ಕವರಿಗೆ ಹೋಗಿತ್ತು. "ಬೇಡಮ್ಮ, ಎಲ್ಲ ಇದೆ ನನ್ನ ಹತ್ರ. ಬೇಕರಿ ಮೇಲಿನ ಮನೆ, ಎರಡನೇ ಮಹಡಿ, ನಿಮ್ಮ ತಂದೆಯವರು. ಅದೇ ಮನೆ ತಾನೆ?"

"ಹೌದಕ್ಕ, ಅದೇ."

ಅವಳು ಕೈ ಎತ್ತಿ ತೋರಿಸುವುದರೊಳಗೆ ಮೈದುನ ಮಷೀನನ್ನು ವ್ಯಾನಿಗೆ ಏರಿಸುತ್ತಿದ್ದ. "ಗಾಡಿ ಹೊರಡ್ತು," ಎಂದಳು ಫೋನಕ್ಕ. "ಇನ್ನೇನೂ ಹೇಳೋದು ಬೇಡ. ಫೋನ್ ಇಟ್ಟು ಒಳಗೆ ಹೋಗಿ. ಅಪ್ಪನ ಕೈ ಹಿಡ್ಕೊಂಡು ಕೂತ್ಕೊಳ್ಳಿ."

ಫೋನು ಇಟ್ಟ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಗಂಡ ನೋಡಿದ. ಆ ಮಾತನ್ನು ಅವಳು ಯಾರಿಗೆ ಹೇಳಬೇಕಿತ್ತು ಎಂಬುದು ಅವನಿಗೂ ಗೊತ್ತಿತ್ತು.

ಕೌಂಟರಿನ ಈಚೆ ಕೂತಿರುವ ಅಕ್ಕ ಅಣ್ಣಂದಿರೇ, ಮಹಿಳಾ ಸಂಘದ ಅಂಗಡಿ ನಡೆಸುವ ತಾಯಂದಿರೇ, ಫೋನ್ ಎತ್ತುವವರೇ, ನಿಮ್ಮ ಮುಂದೆ ಬಂದವರು ಒಮ್ಮೆ ಹೇಳಿದ್ದನ್ನು ದಯವಿಟ್ಟು ಜೋಪಾನವಾಗಿಡಿ. ಕೇಳುವ ಮುಂಚೆ ನಿಮ್ಮ ಹತ್ತಿರ ಇದೆಯೇ ನೋಡಿ. ಇದ್ದರೆ ನೀವೇ ಓದಿ ಹೇಳಿ, ಸರಿಯೇ ಎಂದಷ್ಟೇ ಕೇಳಿ. ಬದಲಾದದ್ದಿದ್ದರೆ ತಿದ್ದಿಕೊಳ್ಳಿ, ಪಕ್ಕದ ಮೇಜಿನವರಿಗೂ ತಿಳಿಸಿ. ಅವರು ಯಾವ ಕೆಲಸಕ್ಕೆ ಕೊಟ್ಟರೋ ಅದಕ್ಕಲ್ಲದೆ ಬೇರೆಯದಕ್ಕೆ ಬಳಸಬೇಡಿ. ಇನ್ನು ಕೌಂಟರಿನ ಆಚೆ ನಿಂತಿರುವ ನಾವೆಲ್ಲ, "ನನ್ನ ವಿವರ ನಿಮ್ಮಲ್ಲೇ ಇದೆ, ನೋಡಿ ಹೇಳಿ" ಎಂದು ಸಂಕೋಚವಿಲ್ಲದೆ ಕೇಳೋಣ. ಅದು ಜಗಳವಲ್ಲ, ನಮ್ಮ ಹಕ್ಕು.

ಪ್ರಶ್ನೆ ಕೇಳಿಸಿಕೊಳ್ಳುತ್ತಿರುವವರು ಎಲ್ಲಿ ನಿಂತು ಉತ್ತರ ಕೊಡುತ್ತಿದ್ದಾರೆ ಎಂಬುದು ನಿಮಗೆ ಕಾಣುವುದಿಲ್ಲ. ಅವರ ಬೆನ್ನ ಹಿಂದೆ, ತೆರೆದ ಬಾಗಿಲ ಒಳಗೆ, ಯಾರೋ ಒಬ್ಬರು ಕೈ ನೀಡಿರಬಹುದು. ಅವರನ್ನು ಬೇಗ ಕಳಿಸಿಕೊಡಿ.